ವಿಗ್ ಸಿಕ್ಕಿಬೀಳುವುದು ಹಣೆಯಂಚಿನಲ್ಲಿ

ವಿಗ್ ಕೊಳ್ಳಲು ಬಂದವರು ಸಾಮಾನ್ಯವಾಗಿ ಎರಡು ಮಾತು ಕೇಳುತ್ತಾರೆ: ಕೂದಲು ಒತ್ತಾಗಿದೆಯಾ, ಚೆನ್ನಾಗಿ ಕಪ್ಪಗಿದೆಯಾ? ಅದು ವಿಗ್ ಎಂದು ಎದುರಿಗಿದ್ದವರಿಗೆ ತಿಳಿದುಬಿಡುವುದೂ ಈ ಎರಡರಿಂದಲೇ. ಐವತ್ತರ ಮುಖದ ಮೇಲೆ ಇಪ್ಪತ್ತರ ಕೂದಲು ಕೂರಿಸಿದರೆ ನೋಡುವವರ ಕಣ್ಣು ಅಲ್ಲೇ ನಿಲ್ಲುತ್ತದೆ. ಕೂದಲು ತುಸು ತೆಳುವಾಗಿ, ಬಣ್ಣ ತುಸು ಮಾಸಿದಂತೆ, ಹಣೆಯಂಚು ತುಸು ಮೇಲಕ್ಕಿರುವ ವಿಗ್ ಅಂಗಡಿಯ ಕನ್ನಡಿಯಲ್ಲಿ ಸಪ್ಪೆಯಾಗಿ ಕಾಣಬಹುದು. ಹಾಸನದ ಬಸ್ ನಿಲ್ದಾಣದ ಬಿಸಿಲಿನಲ್ಲಿ ಸ್ವಂತ ಕೂದಲಿನಂತೆ ಕಾಣುವುದು ಅದೇ.

ಆದರೆ ಮೊದಲು ಹೋಗಬೇಕಾದದ್ದು ಚರ್ಮವೈದ್ಯರ ಬಳಿಗೆ. ದಿನಕ್ಕೆ 50ರಿಂದ 100 ಕೂದಲು ಉದುರುವುದು ಸಹಜ. ಡೆಂಗಿ, ಟೈಫಾಯ್ಡ್, ಹೆರಿಗೆ, ದೊಡ್ಡ ಆಪರೇಷನ್ ಇಂಥದ್ದೇನಾದರೂ ಆದ ಎರಡು ಮೂರು ತಿಂಗಳಿಗೆ ಹಿಡಿಹಿಡಿಯಾಗಿ ಉದುರತೊಡಗಿದರೆ, ಹೆಚ್ಚಿನವರಲ್ಲಿ ಅದು ಆರು ತಿಂಗಳೊಳಗೆ ತಾನಾಗಿ ನಿಲ್ಲುತ್ತದೆ. ಅದಕ್ಕಾಗಿ ಸಾವಿರಾರು ರೂಪಾಯಿಯ ವಿಗ್ ಬೇಡ. ರಕ್ತದಲ್ಲಿ ಹಿಮೋಗ್ಲೋಬಿನ್, ದೇಹದ ಕಬ್ಬಿಣದ ದಾಸ್ತಾನು ತೋರಿಸುವ ಫೆರಿಟಿನ್, ಥೈರಾಯ್ಡಿನ ಟಿಎಸ್‌ಎಚ್ ನೋಡಿಸಿದರೆ ಸಾಮಾನ್ಯ ಕಾರಣಗಳು ಸಿಗುತ್ತವೆ. ಕೂದಲಿಗೆಂದು ಬಯೋಟಿನ್ ಮಾತ್ರೆ ನುಂಗುತ್ತಿರುವವರು ವೈದ್ಯರಿಗೂ ಲ್ಯಾಬಿನವರಿಗೂ ಮೊದಲೇ ಹೇಳಬೇಕು. ಅದು ಥೈರಾಯ್ಡ್ ವರದಿಯನ್ನೇ ತಪ್ಪಾಗಿಸಬಲ್ಲದು, ಕೆಲವು ದಿನ ನಿಲ್ಲಿಸಿ ರಕ್ತ ಕೊಡುವುದು ಕ್ಷೇಮ. ನಾಣ್ಯದಂತೆ ದುಂಡಗೆ ಬೋಳಾಗುವುದನ್ನು ನಮ್ಮಲ್ಲಿ ‘ಹುಳ ತಿಂದಿದೆ’ ಎನ್ನುತ್ತಾರೆ. ಹುಳ ಅಲ್ಲ, ದೇಹದ ರೋಗನಿರೋಧಕ ಕಣಗಳೇ ಕೂದಲಿನ ಬುಡದ ಮೇಲೆ ತಿರುಗಿಬಿದ್ದಿರುತ್ತವೆ. ಹಸಿ ಬೆಳ್ಳುಳ್ಳಿ ಉಜ್ಜಿ ನೆತ್ತಿ ಸುಟ್ಟುಕೊಂಡರೆ ಚಿಕಿತ್ಸೆ ಇನ್ನಷ್ಟು ತಡವಾಗುತ್ತದೆ. ಬೋಳಾದ ಜಾಗ ನುಣ್ಣಗೆ ಹೊಳೆಯುತ್ತಿದ್ದು, ಉರಿ, ತುರಿಕೆ, ಕೆಂಪು ಇದ್ದರೆ ಕಾಯಲೇಬೇಡಿ. ಅಲ್ಲಿ ಬುಡವೇ ಮುಚ್ಚಿಹೋಗುತ್ತಿರಬಹುದು, ಮುಚ್ಚಿದ ಮೇಲೆ ಯಾವ ಔಷಧಿಯಿಂದಲೂ ಮತ್ತೆ ಬೆಳೆಯುವುದಿಲ್ಲ.

ಕಿಮೋಥೆರಪಿಯ ಲೆಕ್ಕ ಬೇರೆ. ಎಲ್ಲ ಔಷಧಿಗಳಿಂದಲೂ ಕೂದಲು ಹೋಗುವುದಿಲ್ಲ. ನಿಮ್ಮದರಿಂದ ಹೋಗುತ್ತದೆಯೇ ಎಂದು ವೈದ್ಯರನ್ನು ನೇರವಾಗಿ ಕೇಳಿ. ಹೋಗುವುದಾದರೆ ಮೊದಲ ಡೋಸಿನ ಎರಡು ಮೂರು ವಾರಕ್ಕೆ ಶುರುವಾಗುತ್ತದೆ. ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೆ ಹೋಗಿ ಮೊದಲ ಡೋಸ್ ಮುಗಿಸಿ ಊರಿಗೆ ಬಂದವರಿಗೆ ಉಳಿದಿರುವುದು ಆ ಹದಿನೈದು ದಿನ ಅಷ್ಟೇ. ಆದ್ದರಿಂದ ಡೋಸಿಗೆ ಮೊದಲೇ ಹಗಲು ಬೆಳಕಿನಲ್ಲಿ ನಾಲ್ಕು ಫೋಟೊ ತೆಗೆದಿಡಿ: ಎದುರಿನಿಂದ, ಎರಡೂ ಪಕ್ಕದಿಂದ, ಬೈತಲೆ ಕಾಣುವಂತೆ ಮೇಲಿನಿಂದ. ನೆತ್ತಿಯದೊಂದು, ಕತ್ತಿನ ಬಳಿಯದೊಂದು ಎಳೆ ಕತ್ತರಿಸಿ ಕಾಗದಕ್ಕೆ ಅಂಟಿಸಿಡಿ. ಬಣ್ಣ ಹೊಂದಿಸಲು ಇದಕ್ಕಿಂತ ಒಳ್ಳೆಯ ನಮೂನೆ ಇಲ್ಲ. ಉದುರತೊಡಗಿದ ಮೇಲೆ ಬೋಳಿಸಬೇಕೆನಿಸಿದರೆ ರೇಜರ್ ಬೇಡ, ಟ್ರಿಮ್ಮರ್ ಸಾಕು. ಬಿಳಿ ರಕ್ತಕಣ ಇಳಿದಿರುವಾಗ ಸಣ್ಣ ಗೀರೂ ಸೋಂಕಿಗೆ ದಾರಿ. ಆ ದಿನಗಳಲ್ಲಿ ಟೇಪು, ಗೋಂದು ಯಾವುದೂ ನೆತ್ತಿಗೆ ತಾಗಕೂಡದು. ಒಳಗೊಂದು ಹತ್ತಿಯ ಟೋಪಿ, ಅದರ ಮೇಲೆ ವಿಗ್.

ಅಳತೆಗೆ ದರ್ಜಿಯ ಟೇಪು ಸಾಕು. ಕೂದಲಿದ್ದರೆ ಒತ್ತಿ ಬಾಚಿ ಚಪ್ಪಟೆ ಮಾಡಿಕೊಂಡು, ಮುಂದಿನ ಹಣೆಯಂಚಿನಿಂದ ಕಿವಿಯ ಮೇಲೆ ಹಾಯಿಸಿ ಕತ್ತಿನ ಗುಳಿಯ ಹತ್ತಿರ ಸುತ್ತಿ ಬನ್ನಿ. ಹೆಚ್ಚಿನ ಹೆಂಗಸರಿಗೆ ಇದು 21.5ರಿಂದ 22.5 ಇಂಚು ಬರುತ್ತದೆ. ಮತ್ತೆ ಹಣೆಯಂಚಿನಿಂದ ನೆತ್ತಿಯ ಮೇಲೆ ಕತ್ತಿನವರೆಗೆ ಒಂದು, ಕಿವಿಯಿಂದ ಕಿವಿಗೆ ನೆತ್ತಿಯ ಮೇಲೆ ಒಂದು. ಒತ್ತುಗೂದಲು ಇರುವಾಗ ತೆಗೆದ ಅಳತೆ ಕೂದಲು ಹೋದ ಮೇಲೆ ಸಡಿಲವಾಗುತ್ತದೆ. ಹಿಂದೆ ಎಳೆದು ಬಿಗಿ ಮಾಡುವ ಪಟ್ಟಿ ಇರುವುದನ್ನೇ ಆರಿಸಿ. ವಿಗ್ ಕಿವಿಯನ್ನು ಮುಚ್ಚಿ ಕೂತರೆ ದೊಡ್ಡದು, ಹಿಂದಕ್ಕೆ ಜಾರುತ್ತ ಹಣೆ ಅಗಲವಾಗುತ್ತಿದ್ದರೆ ಚಿಕ್ಕದು.

ಇನ್ನು ಹಣೆಯಂಚು. ಹುಬ್ಬಿನ ಮೇಲೆ ನಿಮ್ಮದೇ ನಾಲ್ಕು ಬೆರಳು ಅಡ್ಡ ಇಟ್ಟು ನೋಡಿ, ವಿಗ್ ಅದರ ಮೇಲೆ ಶುರುವಾಗಬೇಕು. ಕೆಳಗೆ ಎಳೆದುಕೊಂಡರೆ ಬಿಗಿಯಾಗಿ ಕೂತಂತೆ ಅನಿಸುತ್ತದೆ, ಅದಕ್ಕೇ ಎಲ್ಲರೂ ಈ ತಪ್ಪು ಮಾಡುತ್ತಾರೆ. ಮುಂಭಾಗದಲ್ಲಿ ಲೇಸ್ ಇರಲಿ. ಸೊಳ್ಳೆಪರದೆಗಿಂತ ಸಣ್ಣ ಕಣ್ಣಿನ ಬಲೆ ಅದು, ಕೂದಲನ್ನು ಒಂದೊಂದಾಗಿ ಗಂಟು ಹಾಕಿರುತ್ತಾರೆ. ಕೂದಲು ಕೂರಿಸುವ ತಳದ ಬಟ್ಟೆಗೆ ಬೇಸ್ ಎನ್ನುತ್ತಾರೆ. ಬೈತಲೆ ತೆಗೆಯುವ ಜಾಗದಲ್ಲಿ ಮೋನೋ ಎಂಬ ತೆಳುಬಲೆಯ ಅಥವಾ ಸಿಲ್ಕ್ ಬೇಸ್ ಇದ್ದರೆ ಕೆಳಗಿನ ಚರ್ಮವೇ ಕಂಡಂತಾಗುತ್ತದೆ. ಪೂರಾ ಯಂತ್ರದಲ್ಲಿ ಹೊಲಿದ ಅಗ್ಗದ ವಿಗ್‌ನಲ್ಲಿ ಬೈತಲೆ ಬಿಡಿಸಿದರೆ ಹೊಲಿಗೆಯ ಸಾಲು ಕಾಣುತ್ತದೆ. ಮುಂಗೂದಲು ಹಣೆಗೆ ಬಿಟ್ಟುಕೊಂಡು ಮಾತ್ರ ಅದನ್ನು ಹಾಕಬಹುದು. ಲೇಸ್ ಬೆಳ್ಳಗೆ ಹೊಳೆಯುತ್ತಿದ್ದರೆ ಹಾಲಿಲ್ಲದ ಚಹಾ ಡಿಕಾಕ್ಷನ್ ಆರಿಸಿ, ಲೇಸಿನ ಭಾಗವನ್ನಷ್ಟೇ ಕೆಲವು ನಿಮಿಷ ಅದ್ದಿ ತೆಗೆಯಿರಿ. ಮೊದಲು ಕತ್ತರಿಸಿ ಉಳಿದ ಚೂರಿನ ಮೇಲೆ ನೋಡಿಕೊಳ್ಳಿ, ಏಕೆಂದರೆ ಗಾಢವಾದ ಬಣ್ಣವನ್ನು ಹಿಂತೆಗೆಯುವುದು ಕಷ್ಟ. ಹೆಚ್ಚುವರಿ ಲೇಸನ್ನು ನೇರವಾಗಿ ಕತ್ತರಿಸಿದರೆ ಹಣೆಯ ಮೇಲೆ ಗೆರೆ ಎಳೆದಂತಿರುತ್ತದೆ. ಕತ್ತರಿಯನ್ನು ಸಣ್ಣ ಸಣ್ಣ ಹಲ್ಲಿನಂತೆ ಅಂಕುಡೊಂಕಾಗಿ ಆಡಿಸಿ.

ಒತ್ತನ್ನು ಅಂಗಡಿಯವರು ಶೇಕಡಾ ಲೆಕ್ಕದಲ್ಲಿ ಹೇಳುತ್ತಾರೆ. 150 ಎಂದರೆ ಮದುವೆ ಮೇಕಪ್ಪಿಗೆ ಸರಿ, ದಿನಬಳಕೆಗೆ 100ರಿಂದ 120 ಸಾಕು, ಹಣೆಯಂಚಿನಲ್ಲಿ ಇನ್ನೂ ಕಡಿಮೆ ಇರಬೇಕು. ಬಣ್ಣದಲ್ಲಿ ‘1’ ಎಂಬುದು ಇದ್ದಿಲಿನ ಕಪ್ಪು. ನಮ್ಮವರ ಕೂದಲಿಗೆ ‘1ಬಿ’ ಎಂಬ ಮಾಸಲು ಕಪ್ಪು ಅಥವಾ ‘2’ ಎಂಬ ಕಡುಕಂದು ಹೊಂದುತ್ತದೆ. ಐವತ್ತು ದಾಟಿದವರು ಕೆನ್ನೆಪಕ್ಕದಲ್ಲಾದರೂ ಹತ್ತಕ್ಕೊಂದು ಬಿಳಿಯೆಳೆ ಹಾಕಿಸಿಕೊಳ್ಳುವುದು ವಾಸಿ.

ಮನುಷ್ಯರ ಕೂದಲೋ ಸಿಂಥೆಟಿಕ್ಕೋ ತಿಳಿಯಲು ಎರಡು ಮೂರು ಕಡೆಯಿಂದ ಎಳೆ ತೆಗೆದು ಸುಟ್ಟು ನೋಡಿ, ಬೆರಕೆ ಮಾಲು ಬಹಳ ಇದೆ. ಕೂದಲಾದರೆ ಸುಟ್ಟ ಕೂದಲಿನ ವಾಸನೆ ಬಂದು ಬೂದಿ ಪುಡಿಯಾಗುತ್ತದೆ. ಸಿಂಥೆಟಿಕ್ ಕರಗಿ ಗಟ್ಟಿ ಮಣಿಯಾಗುತ್ತದೆ. ಮನುಷ್ಯರ ಕೂದಲಲ್ಲೂ ತರ ಇದೆ. ಮುಡಿ ಕೊಟ್ಟ ಕೂದಲನ್ನು ಬುಡ ಒಂದೇ ಕಡೆ ಬರುವಂತೆ ಕಟ್ಟಿಟ್ಟು ಮಾಡಿದ್ದು ‘ರೆಮಿ’. ಬಾಚಿ ಉದುರಿದ್ದನ್ನು ಉಂಡೆಗಟ್ಟಿ ಪಾತ್ರೆಯವರಿಗೆ ಕೊಡುತ್ತೇವಲ್ಲ, ಆ ಕೂದಲಿನಲ್ಲಿ ಬುಡ ತುದಿ ಬೆರೆತಿರುತ್ತದೆ. ಅದರ ಪದರವನ್ನು ರಾಸಾಯನಿಕದಿಂದ ಕಿತ್ತು ಸಿಲಿಕೋನ್ ಹೊದಿಸುತ್ತಾರೆ. ಮೊದಲ ದಿನ ರೇಷ್ಮೆಯಂತಿರುತ್ತದೆ, ನಾಲ್ಕೈದು ಸಲ ತೊಳೆದ ಮೇಲೆ ಕತ್ತಿನ ಹತ್ತಿರ ಸಿಕ್ಕುಗಟ್ಟಿ ಬಿಡಿಸಲಾಗದಂತಾಗುತ್ತದೆ. ಆದ್ದರಿಂದ ಒಂದು ಸಲ ತೊಳೆದು ಒಣಗಿಸಿ ತೋರಿಸಿ ಎಂದು ಕೇಳಲು ಸಂಕೋಚ ಬೇಡ.

ಮನುಷ್ಯರ ಕೂದಲೇ ಎಲ್ಲರಿಗೂ ಉತ್ತಮ ಎಂಬ ಮಾತನ್ನು ಮಲೆನಾಡಿನಲ್ಲಿ ಒಪ್ಪಲಾಗದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮೂಡಿಗೆರೆ, ಸಕಲೇಶಪುರದ ತೇವದಲ್ಲಿ ಅದು ಉಬ್ಬಿ ಕೆದರುತ್ತದೆ, ತೊಳೆದರೆ ಎರಡು ದಿನವಾದರೂ ಬೇಸ್ ಒಣಗದೆ ಮುಗ್ಗಲು ವಾಸನೆ ಹಿಡಿಯುತ್ತದೆ, ಬೂಷ್ಟೂ ಬರುತ್ತದೆ. ಸಿಂಥೆಟಿಕ್ ಕೆಲವೇ ಗಂಟೆಯಲ್ಲಿ ಒಣಗಿ ಆಕಾರ ಉಳಿಸಿಕೊಳ್ಳುತ್ತದೆ. ಆದರೆ ಅದರ ಶತ್ರು ಬೆಂಕಿ: ಕುಕ್ಕರಿನ ಹಬೆ, ಒಗ್ಗರಣೆಯ ಬಿಸಿ, ಬಚ್ಚಲೊಲೆಗೆ ಸೌದೆ ತಳ್ಳಲು ಬಗ್ಗಿದಾಗಿನ ಝಳ ಇಷ್ಟಕ್ಕೇ ಮುಂಗೂದಲು ಸುರುಟುತ್ತದೆ, ಮತ್ತೆ ಸರಿಯಾಗುವುದಿಲ್ಲ. ದುಬಾರಿಯ ಒಂದನ್ನು ಕೊಳ್ಳುವ ಬದಲು ಮಳೆಗೊಂದು ಸಿಂಥೆಟಿಕ್, ಉಳಿದ ಕಾಲಕ್ಕೊಂದು ಮಧ್ಯಮ ದರದ ರೆಮಿ ಇಟ್ಟುಕೊಳ್ಳುವುದು ಇಲ್ಲಿಗೆ ಹೊಂದುವ ಕ್ರಮ. ಅಡುಗೆಮನೆಯಲ್ಲಿ ಎರಡೂ ಬೇಡ, ತಲೆಗೆ ಹತ್ತಿಬಟ್ಟೆ ಸಾಕು. ಕಾಫಿ ಕೊಯ್ಲಿಗೂ ಹಾಗೆಯೇ. ಗಿಡದ ಕೊಂಬೆಗೆ ಸಿಕ್ಕಿದ ಲೇಸ್ ಹರಿದರೆ ರಿಪೇರಿ ದುಬಾರಿ.

ಹತ್ತು ಹನ್ನೆರಡು ಸಲ ಹಾಕಿದ ಮೇಲೆ ತೊಳೆದರೆ ಸಾಕು. ತುದಿಯಿಂದ ಶುರುಮಾಡಿ ಬುಡದ ಕಡೆಗೆ ಅಗಲ ಹಲ್ಲಿನ ಬಾಚಣಿಗೆಯಿಂದ ಸಿಕ್ಕು ಬಿಡಿಸಿಕೊಂಡು, ಅರ್ಧ ಬಕೆಟ್ ತಣ್ಣೀರಿಗೆ ಒಂದು ಚಮಚ ಸಲ್ಫೇಟ್ ಇಲ್ಲದ ಶಾಂಪೂ ಕಲಸಿ ಐದು ನಿಮಿಷ ಅದ್ದಿಡಿ. ಉಜ್ಜಬೇಡಿ, ಹಿಂಡಬೇಡಿ. ಕಂಡಿಷನರ್ ತುದಿಗೆ ಮಾತ್ರ. ಬೇಸಿಗೆ ಕಟ್ಟಿದ ಗಂಟಿಗೆ ತಾಗಿದರೆ ಸಡಿಲವಾಗಿ ಕೂದಲು ಕಳಚುತ್ತದೆ. ಟವೆಲಿನಲ್ಲಿ ಒತ್ತಿ, ಫ್ಯಾನ್ ಗಾಳಿಗಿಡಿ. ಸೀಗೇಕಾಯಿ ಬೇಡ, ಕೊಬ್ಬರಿ ಎಣ್ಣೆಯಂತೂ ಬೇಡವೇ ಬೇಡ: ಎಣ್ಣೆ ಹಚ್ಚಿದ ವಿಗ್ ಧೂಳು ಹಿಡಿಯುತ್ತದೆ. ಅರಸೀಕೆರೆ, ಕಡೂರಿನ ಕಡೆ ಬೋರ್‌ವೆಲ್ಲಿನ ಗಡಸು ನೀರು ಕೂದಲನ್ನು ಒರಟು ಮಾಡುತ್ತದೆ, ಕೊನೆಯ ನೀರಾದರೂ ಫಿಲ್ಟರಿನದೋ ಮಳೆಯದೋ ಆಗಿರಲಿ.

ಉದ್ದ ಜಡೆ ಬೇಕೆನ್ನುವವರಿಗೆ ಒಂದು ಉಪಾಯ. ಉದ್ದ ಹೆಚ್ಚಿದಷ್ಟೂ ಕತ್ತಿನಲ್ಲಿ ತಿಕ್ಕಿ ಸಿಕ್ಕಾಗುತ್ತದೆ. ಭುಜದವರೆಗಿನ ವಿಗ್ ಕೊಂಡು ಹಬ್ಬ, ಮದುವೆಗೆ ಚೌರಿ ಸೇರಿಸಿ ಜಡೆ ಹೆಣೆಯಿರಿ. ಮಲ್ಲಿಗೆಯನ್ನು ಹೇರ್‌ಪಿನ್ನಿನಿಂದ ಬೇಸಿಗೆ ಚುಚ್ಚದೆ ಜಡೆಯ ಬುಡಕ್ಕೆ ದಾರದಿಂದ ಕಟ್ಟಿ.

ಬೋಳಾದ ಜಾಗವನ್ನಷ್ಟೇ ಮುಚ್ಚುವ ಗಂಡಸರ ಪ್ಯಾಚಿಗೆ ಮೇಲಿನ ಮಾತೆಲ್ಲ ಅನ್ವಯಿಸುತ್ತದೆ, ಜೊತೆಗೆ ಇನ್ನೆರಡು. ಕ್ಲಿಪ್ಪು ಒಂದೇ ಜಾಗದಲ್ಲಿ ವರ್ಷಗಟ್ಟಲೆ ಎಳೆದರೆ ಸುತ್ತ ಉಳಿದಿದ್ದ ಕೂದಲೂ ಹೋಗುತ್ತದೆ, ಆಗಾಗ ಜಾಗ ಬದಲಿಸಬೇಕು. ಗೋಂದನ್ನಾದರೆ ಮೊಣಕೈ ಒಳಬದಿಗೆ ಹಚ್ಚಿ ಎರಡು ದಿನ ನೋಡಿ, ಕೆಂಪಾದರೆ ಬಿಟ್ಟುಬಿಡಿ. ಹೆಲ್ಮೆಟ್ ತೆಗೆಯುವಾಗ ಹಣೆಯಂಚನ್ನು ಎರಡು ಬೆರಳಲ್ಲಿ ಒತ್ತಿ ಹಿಡಿಯಬೇಕು.

ಮೊದಲ ಸಲ ಮದುವೆ ಮನೆಗೆ ಹಾಕಿಕೊಂಡು ಹೋಗಬೇಡಿ. ವಾರವಿಡೀ ಮನೆಯಲ್ಲಿ ದಿನಕ್ಕೆ ಎರಡು ಗಂಟೆ ಹಾಕಿ, ಬಗ್ಗಿ ಹಿರಿಯರ ಕಾಲು ಮುಟ್ಟಿ ನೋಡಿ, ಮುಖ ತೊಳೆದು ನೋಡಿ, ಗಾಳಿಗೆ ನಿಂತು ನೋಡಿ. ಎಲ್ಲಿ ಕೈ ಹೋಗುತ್ತದೋ ಅಲ್ಲಿ ಬಿಗಿ ಸರಿಯಿಲ್ಲ. ಸ್ಕೂಲಿಗೆ ಹೋಗುವ ಮಗುವಾದರೆ ಕ್ಲಾಸ್ ಟೀಚರಿಗೆ ಮೊದಲೇ ಹೇಳಿ, ಆಟದ ಪೀರಿಯಡ್‌ನಲ್ಲಿ ವಿಗ್ ತೆಗೆದು ಟೋಪಿ ಹಾಕಿಕೊಳ್ಳಲು ಒಪ್ಪಿಗೆ ಪಡೆಯಿರಿ. ಮಗುವಿಗೆ ವಿಗ್ ಬೇಡವೆನಿಸಿದರೆ ಒತ್ತಾಯ ಬೇಡ. ಕಿಮೋ ಮುಗಿದವರಲ್ಲಿ ಒಂದರಿಂದ ಮೂರು ತಿಂಗಳಲ್ಲಿ ಸ್ವಂತ ಕೂದಲು ಚಿಗುರುತ್ತದೆ, ಸ್ವಲ್ಪ ಕಾಲ ಬಣ್ಣವೋ ಗುಂಗುರೋ ಬೇರೆಯಾಗಿರಬಹುದು. ತಿಂಗಳಿಗೆ ಸುಮಾರು ಒಂದು ಸೆಂಟಿಮೀಟರ್ ಬೆಳೆಯುತ್ತದೆ. ಆಗ ಹಿಂದಿನ ಪಟ್ಟಿಯನ್ನು ಒಂದೊಂದೇ ಕೊಂಡಿ ಸಡಿಲಿಸುತ್ತ ಬನ್ನಿ, ಇಲ್ಲದಿದ್ದರೆ ಎಳೆಗೂದಲಿನ ಮೇಲೆ ವಿಗ್ ಜಾರಿ ಹಿಂದಕ್ಕೆ ಸರಿಯುತ್ತಿರುತ್ತದೆ.