ಸೋರುವ ನೇಲ್ ಗನ್: ದಪ್ಪ ರಿಂಗ್ ಹಾಕಿದರೆ ಗಾಳಿ ನಿಲ್ಲದು

ಗಾಳಿಯ ಒತ್ತಡದಿಂದ ಮೊಳೆ ಹೊಡೆಯುವ ನೇಲ್ ಗನ್ ಸುಯ್ಯೆಂದು ಸೋರತೊಡಗಿದರೆ ಮರಗೆಲಸದ ಶೆಡ್ಡಿನಲ್ಲಿ ಮೊದಲು ನಡೆಯುವುದು ತಲೆಯ ಸ್ಕ್ರೂಗಳನ್ನು ಇನ್ನಷ್ಟು ತಿರುಪುವ ಕೆಲಸ. ಅದಕ್ಕೆ ಬಗ್ಗದಿದ್ದರೆ ಟೆಫ್ಲಾನ್ ಟೇಪು. ಕೊನೆಗೆ, ‘ಸ್ವಲ್ಪ ದಪ್ಪದ ರಿಂಗ್ ಹಾಕಿಬಿಡು’. ರಬ್ಬರನ್ನು ಹೆಚ್ಚು ಅದುಮಿದಷ್ಟೂ ಗಾಳಿ ನಿಲ್ಲುತ್ತದೆ ಎಂಬ ತಪ್ಪು ನಂಬಿಕೆಯೇ ಈ ಮೂರಕ್ಕೂ ಮೂಲ.

ಗನ್ನಿನೊಳಗಿನ ರಬ್ಬರ್ ಉಂಗುರ, ಅಂದರೆ ಓ-ರಿಂಗ್, ಗಾಳಿಯನ್ನು ತಡೆಯುವುದು ಆ ಗಾಳಿಯದೇ ಬಲದಿಂದ! 3 ಮಿ.ಮೀ. ದಪ್ಪದ ರಿಂಗ್ ತನ್ನ ಗಾಡಿಯಲ್ಲಿ (ಲೋಹದಲ್ಲಿ ಕೊರೆದ ತೋಡಿನಲ್ಲಿ) ಕೂತಾಗ ಸುಮಾರು 0.3ರಿಂದ 0.5 ಮಿ.ಮೀ. ಮಾತ್ರ ಅದುಮಿಕೊಂಡಿರುತ್ತದೆ. ಗಾಳಿ ಬಂದೊಡನೆ ಅದು ರಿಂಗನ್ನು ಗಾಡಿಯ ಆಚೆ ಗೋಡೆಗೆ ನೂಕುತ್ತದೆ. ರಬ್ಬರ್ ಬಾಗುತ್ತದೆ, ಚಪ್ಪಟೆಯಾಗುತ್ತದೆ, ಆದರೆ ಅದರ ಗಾತ್ರ ಕುಗ್ಗುವುದು ಇಲ್ಲವೆನ್ನುವಷ್ಟು ಕಡಿಮೆ. ಹಾಗಾಗಿ ಒಂದು ಕಡೆ ಬಿದ್ದ ಒತ್ತಡವನ್ನು ದ್ರವದಂತೆಯೇ ಎಲ್ಲ ಕಡೆಗೂ ದಾಟಿಸುತ್ತದೆ. ಲೋಹದ ಮೇಲೆ ರಿಂಗ್ ಒತ್ತುವ ಬಲವೆಂದರೆ ಮೊದಲಿನ ಅದುಮು ಮತ್ತು ಗಾಳಿಯ ಒತ್ತಡ ಎರಡೂ ಸೇರಿದ್ದು. ಆದ್ದರಿಂದ ಗಾಳಿ 5 ಬಾರ್ ಇರಲಿ, 8 ಬಾರ್ ಇರಲಿ, ರಿಂಗಿನ ಒತ್ತು ಅದಕ್ಕಿಂತ ಒಂದು ಕೈ ಮೇಲೇ. ಒಳಮುಚ್ಚಳದ ಕುಕ್ಕರಿನಲ್ಲಿ ಹಬೆಯೇ ಮುಚ್ಚಳವನ್ನು ಮೇಲಕ್ಕೊತ್ತಿ ಗ್ಯಾಸ್ಕೆಟ್ ಬಿಗಿ ಮಾಡುವುದೂ ಇದೇ ಲೆಕ್ಕದಲ್ಲಿ.

ಇದಕ್ಕೆ ರಿಂಗ್ ಜಾರಲು ಗಾಡಿಯಲ್ಲಿ ಜಾಗ ಬೇಕು. ದಪ್ಪ ರಿಂಗ್ ಗಾಡಿಯನ್ನೆಲ್ಲ ತುಂಬಿಬಿಟ್ಟರೆ ಗಾಳಿಗೆ ಅದರ ಬೆನ್ನಿಗೆ ಬರಲು ದಾರಿಯೇ ಇರುವುದಿಲ್ಲ. ಮೇಲಾಗಿ ಘರ್ಷಣೆ ಹೆಚ್ಚಿ ಪಿಸ್ಟನ್ ಮಂದವಾಗುತ್ತದೆ, ರಿಂಗ್ ಬಿಸಿಯಾಗಿ ಸವೆಯುತ್ತದೆ. ಡೆನ್ಮಾರ್ಕಿನಲ್ಲಿ ಹುಟ್ಟಿ ಅಮೆರಿಕಕ್ಕೆ ಹೋಗಿ ಟ್ರಾಮುಗಳ ಗಾಳಿ ಬ್ರೇಕು ರೂಪಿಸಿದ್ದ ನೀಲ್ಸ್ ಕ್ರಿಸ್ಟೆನ್ಸೆನ್ 1939ರಲ್ಲಿ ಪಡೆದ ಪೇಟೆಂಟಿನ ಜಾಣತನ ಇರುವುದು ಇಲ್ಲಿಯೇ. ರಬ್ಬರ್ ಉಂಗುರಗಳು ಮೊದಲೂ ಇದ್ದವು. ಅವುಗಳಿಗೆ ತಕ್ಕ ಅಳತೆಯ ಗಾಡಿ ಇರಲಿಲ್ಲ.

ಎಲ್ಲಿಂದ ಸೋರುತ್ತಿದೆ ಎಂದು ನೋಡಿಕೊಂಡರೆ ಇಡೀ ಗನ್ ಬಿಚ್ಚಬೇಕಾಗುವುದಿಲ್ಲ. ಸುಮ್ಮನಿರುವಾಗ ಟ್ರಿಗರ್ ಬಳಿ ಸೋರಿದರೆ ಟ್ರಿಗರ್ ವಾಲ್ವಿನ ಸಣ್ಣ ರಿಂಗುಗಳು. ತಲೆಯ ಎಗ್ಸಾಸ್ಟಿನಿಂದ ಸೋರಿದರೆ ಸಾಮಾನ್ಯವಾಗಿ ಹೆಡ್ ವಾಲ್ವಿನ ರಿಂಗ್. ಮೂತಿಯಿಂದ ಬಂದರೆ ಬಂಪರ್ (ಪಿಸ್ಟನ್ನಿನ ಹೊಡೆತ ತಾಳುವ ರಬ್ಬರ್ ತುಂಡು) ಅಥವಾ ಸಿಲಿಂಡರಿನ ಸೀಲ್. ಸೋರಿಕೆ ಕಾಣದೆ ಮೊಳೆ ಅರ್ಧಕ್ಕೇ ನಿಂತು, ಮೊಳೆಯನ್ನು ಬಡಿಯುವ ಸರಳು (ಡ್ರೈವರ್) ಪೂರ್ತಿ ಹಿಂದಿರುಗದಿದ್ದರೆ ಪಿಸ್ಟನ್ ರಿಂಗನ್ನು ನೋಡಬೇಕು.

ಪೈಪ್ ಕಳಚಿ, ಮೊಳೆಗಳನ್ನೆಲ್ಲ ತೆಗೆದ ಮೇಲೆಯೇ ಅಲೆನ್ ಕೀ ಹಿಡಿಯಬೇಕು. ಮುಚ್ಚಳದಡಿ ಸ್ಪ್ರಿಂಗ್ ಇರುತ್ತದೆ, ಕೈಯಲ್ಲಿ ಅದುಮಿಕೊಂಡೇ ಕೊನೆಯ ಸ್ಕ್ರೂ ಬಿಚ್ಚಿ. ಭಾಗಗಳು ಹೊರಬಂದ ಕ್ರಮವನ್ನು ಫೋಟೊ ತೆಗೆದಿಡಿ. ರಿಂಗ್ ತೆಗೆಯಲು ಸ್ಕ್ರೂಡ್ರೈವರ್ ಬೇಡ, ಚೂಪು ಮಾಡಿದ ಬಿದಿರುಕಡ್ಡಿ ಸಾಕು. ಅಲ್ಯೂಮಿನಿಯಂ ಮೇಲೆ ಬಿದ್ದ ಒಂದು ಗೀರು ಹೊಸ ರಿಂಗಿನಡಿಯಿಂದಲೂ ಗಾಳಿ ಬಿಡುತ್ತದೆ. ಹಳೆಯ ರಿಂಗ್ ಚಪ್ಪಟೆಯಾಗಿರುತ್ತದೆ, ಅದನ್ನೇ ವರ್ನಿಯರಿನಲ್ಲಿ ಅಳೆದು ಹೊಸದು ತಂದರೆ ತೆಳ್ಳಗಿನದೇ ಸಿಗುತ್ತದೆ. ಗನ್ನಿನ ಮಾಡೆಲ್ ನಂಬರಿನ ಕಿಟ್ ತರಿಸುವುದು ಮೇಲು. ಬಿಡಿಯಾಗಿ ಕೊಳ್ಳುವುದಾದರೆ ಗಾಡಿಯನ್ನೂ ಅಳೆದು ನೈಟ್ರೈಲ್ ರಬ್ಬರಿನದನ್ನೇ ಕೇಳಿ. ನಲ್ಲಿಗೆಂದು ಮಾರುವ ರಿಂಗ್ ಇ.ಪಿ.ಡಿ.ಎಂ. ರಬ್ಬರಿನದಾಗಿದ್ದರೆ ಎಣ್ಣೆ ತಾಗಿ ಊದಿಕೊಳ್ಳುತ್ತದೆ.

ಗಾಡಿಯನ್ನು ಬಟ್ಟೆಯಲ್ಲಿ ಒರೆಸಿ, ರಿಂಗಿಗೆ ತೆಳುವಾಗಿ ಸಿಲಿಕೋನ್ ಗ್ರೀಸ್ ಸವರಿ, ತಿರುಚದಂತೆ ಕೂರಿಸಿ. ಸ್ಕ್ರೂಗಳನ್ನು ಎದುರುಬದುರಾಗಿ ಸ್ವಲ್ಪ ಸ್ವಲ್ಪವೇ ಬಿಗಿಯಿರಿ. ಮೊಳೆ ಹಾಕದೆ, ಮೂತಿಯನ್ನು ಮರದ ತುಂಡಿನ ಕಡೆ ತಿರುಗಿಸಿ ಒತ್ತಡ ಏರಿಸುವಾಗ ಆರಂಭದಲ್ಲಿ ತುಸು ಸೋರಿ, ಏರಿದಂತೆ ನಿಂತರೆ ಗಾಬರಿ ಬೇಡ, ಗಾಳಿ ರಿಂಗನ್ನು ಕೂರಿಸಿದೆ. ಪೂರ್ತಿ ಒತ್ತಡದಲ್ಲೂ ಸೋಪು ನೀರಿನ ಗುಳ್ಳೆ ಏಳುತ್ತಿದ್ದರೆ ರಿಂಗ್ ತಿರುಚಿದೆ ಅಥವಾ ಗೀರು ಇದೆ.

ಹೊಸ ರಿಂಗ್ ಬೇಗ ಹಾಳಾದರೆ ಕೊಡಗಿನಲ್ಲಿ ಮೊದಲು ಅನುಮಾನಿಸಬೇಕಾದದ್ದು ಮಳೆಯನ್ನು. 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ತೇವ ತುಂಬಿದ ಒಂದು ಘನ ಮೀಟರ್ ಗಾಳಿಯಲ್ಲಿ ಸುಮಾರು 17 ಗ್ರಾಂ ನೀರಿನ ಆವಿ ಇರುತ್ತದೆ. ಅದನ್ನು ಕಂಪ್ರೆಸರ್ ಗೇಜಿನ 7 ಬಾರ್‌ಗೆ (ಹೊರಗಿನ ಗಾಳಿಯ 1 ಬಾರ್ ಸೇರಿ 8) ಅದುಮಿದರೆ ಗಾತ್ರ ಎಂಟನೇ ಒಂದಕ್ಕಿಳಿಯುತ್ತದೆ. ಮತ್ತೆ ತಣಿದಾಗ ಅಷ್ಟು ಜಾಗ ಹಿಡಿದಿಡುವುದು 2 ಗ್ರಾಂ ಆವಿಯನ್ನಷ್ಟೇ, ಉಳಿದ 15 ಗ್ರಾಂ ನೀರಾಗುತ್ತದೆ. ಮಳೆ ಜೋರಾಗಿರುವ ಕಕ್ಕಡದ ತಿಂಗಳಲ್ಲಿ (ಜುಲೈ-ಆಗಸ್ಟ್) ಮಡಿಕೇರಿಯ ಶೆಡ್ಡಿನ ಕಂಪ್ರೆಸರ್ ಕುಡಿಯುವುದೆಲ್ಲ ಹೆಚ್ಚುಕಡಿಮೆ ಇಂಥದೇ ಗಾಳಿ. ಆ ನೀರು ಗನ್ನಿಗೆ ಬಂದು ಗ್ರೀಸ್ ತೊಳೆಯುತ್ತದೆ, ಟ್ಯಾಂಕಿನ ತುಕ್ಕಿನ ಪುಡಿಯನ್ನೂ ತಂದು ರಿಂಗ್ ಉಜ್ಜುತ್ತದೆ. ಮಳೆಗಾಲದಲ್ಲಿ ದಿನವೂ ಟ್ಯಾಂಕಿನಡಿಯ ಡ್ರೈನ್ ತೆರೆದು ನೀರು ಬಿಡಬೇಕು, ಪೈಪಿಗೆ ನೀರು ಹಿಡಿಯುವ ಫಿಲ್ಟರ್ ಬೇಕು.

ಕೊಡವರ ಆಯುಧಪೂಜೆಯ ಹಬ್ಬವಾದ ಕೈಲ್ ಮುಹೂರ್ತಕ್ಕೆ ಕೋವಿ ಒರೆಸುವ ಉತ್ಸಾಹದಲ್ಲಿ ನೇಲ್ ಗನ್ನಿಗೂ ಕೈಗೆ ಸಿಕ್ಕ ಎಣ್ಣೆ ಬಿಡುವವರಿದ್ದಾರೆ. ತೆಂಗಿನೆಣ್ಣೆ ಸುಮಾರು 24 ಡಿಗ್ರಿಗಿಂತ ಕೆಳಗೆ ಗಟ್ಟಿಯಾಗುತ್ತದೆ, ಇಲ್ಲಿನ ಬೆಳಗಿನ ಚಳಿಯಲ್ಲಿ ವಾಲ್ವ್ ಕಚ್ಚಿಕೊಳ್ಳುತ್ತದೆ. ತುಕ್ಕು ಬಿಡಿಸುವ ಸ್ಪ್ರೇ ಗ್ರೀಸನ್ನು ತೊಳೆದುಹಾಕುತ್ತದೆ. ಗಾಳಿ ಉಪಕರಣಗಳ ಎಣ್ಣೆಯೇ ಆಗಬೇಕು, ಕೆಲಸಕ್ಕೆ ಮುಂಚೆ ಗಾಳಿ ಒಳಹೋಗುವ ಬಾಯಿಗೆ ಎರಡು ಮೂರು ಹನಿ. ಎಣ್ಣೆ ಬೇಡವೆಂದು ಮೈಮೇಲೆ ಬರೆದಿರುವ ಗನ್ನಿಗೆ ಅದೂ ಬೇಡ.