ಶ್ರೀಗಂಗಾನಗರ: ಕಾಲುವೆ ಕಟ್ಟಿದ ಊರು

ರಾಜಸ್ಥಾನದ ಶ್ರೀಗಂಗಾನಗರದ ಪಕ್ಕದಲ್ಲಿ '3 ಇ ಛೋಟಿ' ಅಂತ ಒಂದು ಹಳ್ಳಿ ಇದೆ. ನಕ್ಷೆಯಲ್ಲಿ ಮೊದಲ ಸಲ ನೋಡಿದಾಗ ಅಚ್ಚಿನ ತಪ್ಪಿರಬೇಕು ಅಂದುಕೊಂಡಿದ್ದೆ. ಈ ಹೆಸರು ಅರ್ಥವಾದರೆ ಪಾಠ ಅರ್ಧ ಮುಗಿದ ಹಾಗೆ. ಅಕ್ಷರ ಕಾಲುವೆಯ ಕವಲನ್ನು ಹೇಳುತ್ತದೆ, ಅಂಕಿ ಅದರ ತೂಬನ್ನು. ಒಂದು ತೂಬಿನ ನೀರು ಹರಿಯುವಷ್ಟು ಭೂಮಿಗೆ ಅಲ್ಲಿ 'ಚಕ್' ಅಂತಾರೆ. ಚಕ್‌ನ ಗುರುತೇ ಹಳ್ಳಿಯ ಹೆಸರಾಗಿ ಉಳಿಯಿತು.

ಇಲ್ಲಿ ಮೊದಲು ಇದ್ದದ್ದು ಬರ. 1899-1900ರ ಬರವನ್ನು ಆ ಕಡೆಯವರು 'ಛಪ್ಪನಿಯಾ' ಅಂತ ಕರೆಯುತ್ತಾರೆ, ವಿಕ್ರಮ ಸಂವತ್ 1956ರಲ್ಲಿ ಬಂದದ್ದಕ್ಕೆ ('ಛಪ್ಪನ್' ಅಂದರೆ ಐವತ್ತಾರು). ಆಗ ಈ ಜಾಗವನ್ನು ಆಳುತ್ತಿದ್ದ ಬಿಕಾನೇರ ಸಂಸ್ಥಾನದ ಮಹಾರಾಜ ಗಂಗಾ ಸಿಂಗ್‌ಗೆ ಇನ್ನೂ ಇಪ್ಪತ್ತು ತುಂಬಿರಲಿಲ್ಲ. ಸಟ್ಲೆಜ್ ನದಿಯ ನೀರು ತರಬೇಕು ಅಂತ ಅವರು ಹಟ ಹಿಡಿದರು. 1920ರಲ್ಲಿ ಪಂಜಾಬ್, ಬಹಾವಲ್‌ಪುರ ಸಂಸ್ಥಾನ, ಬಿಕಾನೇರ ಸೇರಿ ಒಪ್ಪಂದ ಮಾಡಿಕೊಂಡವು. 1925ರಲ್ಲಿ, ಕಾಲುವೆ ಶುರುವಾಗುವ ಪಂಜಾಬಿನ ಫಿರೋಜ್‌ಪುರದಲ್ಲಿ ಅಡಿಗಲ್ಲು ಬಿತ್ತು. 1927ರ ಅಕ್ಟೋಬರ್ 26ರಂದು ಗಂಗ್ ಕಾಲುವೆಯಲ್ಲಿ ನೀರು ಬಂತು.

ಇಲ್ಲಿ ಸ್ವಲ್ಪ ನಿಲ್ಲಿ. ಮರಳಿನಲ್ಲಿ ಕಾಲುವೆ ತೋಡಿ ನೀರು ಬಿಟ್ಟರೆ ಏನಾಗುತ್ತದೆ? ದಾರಿಯಲ್ಲೇ ಇಂಗಿಹೋಗುತ್ತದೆ, ಅಲ್ವಾ? ಅದಕ್ಕೇ ಸುಮಾರು 129 ಕಿ.ಮೀ. ಉದ್ದಕ್ಕೂ ತಳ, ಬದಿ ಎರಡಕ್ಕೂ ಸುಣ್ಣದ ಕಾಂಕ್ರೀಟ್ ಹಾಕಿದರು. ಆ ಕಾಲಕ್ಕೆ ಖರ್ಚು ಜಾಸ್ತಿಯೇ. ಆದರೆ ಇಡೀ ಯೋಜನೆಯಲ್ಲಿ ನನಗೆ ಅತಿ ಮುಖ್ಯ ಅನ್ನಿಸುವುದು ಈ ತೀರ್ಮಾನವೇ. ಇದಿಲ್ಲದಿದ್ದರೆ ಕೊನೆಯ ಹೊಲಗಳಿಗೆ ನೀರು ಮುಟ್ಟುವುದು ಕಷ್ಟವಿತ್ತು.

ನೀರು ಬಂದರೆ ಸಾಲದು, ನೀರು ಕಟ್ಟಿ ಬೆಳೆ ತೆಗೆಯಲು ಗೊತ್ತಿರುವ ರೈತರೂ ಬೇಕು. ಪಂಜಾಬಿನಿಂದ ಬಂದ ಸಿಖ್ ರೈತರು ಇಲ್ಲಿ ಜಮೀನು ಕೊಂಡರು. ಭೂಮಿಯನ್ನು 25 ಬಿಘಾದ (ಬಿಘಾ ಅಂದರೆ ಉತ್ತರ ಭಾರತದ ಜಮೀನಿನ ಅಳತೆ) ಚೌಕಗಳಾಗಿ ಅಳೆದಿದ್ದರು. ಒಂದೊಂದು ಚೌಕವೂ ಒಂದು 'ಮುರಬ್ಬಾ'. ರೈಲು ದಾರಿಯ ಪಕ್ಕ ರಾಯಸಿಂಗ್‌ನಗರ, ಗಜಸಿಂಗ್‌ಪುರದಂಥ ಮಂಡಿ ಊರುಗಳು ಎದ್ದವು, ರಾಜಮನೆತನದವರ ಹೆಸರಿನಲ್ಲಿ. ಮೊದಲು ರಾಮನಗರ ಅನ್ನಿಸಿಕೊಂಡಿದ್ದ ಜಾಗ ಗಂಗಾನಗರವಾಯಿತು. 1947ರ ನಂತರ ಗಡಿಯಾಚೆಯಿಂದ ಬಂದವರೂ ಇಲ್ಲಿ ನೆಲೆಸಿದರು. ಆಗ ಫಿರೋಜ್‌ಪುರ ಭಾರತಕ್ಕೆ ಸೇರದೆ ಹೋಗಿದ್ದರೆ ಕಾಲುವೆಯ ಬಾಯಿ ಬೇರೆ ದೇಶದಲ್ಲಿ ಇರುತ್ತಿತ್ತು. ಇದನ್ನು ನೋಟ್ಸಿನಲ್ಲಿ ಅಡಿಗೆರೆ ಹಾಕಿಡಿ.

ಬೆಳೆಗಳು: ಗೋಧಿ, ಹತ್ತಿ, ಸಾಸಿವೆ, ಕಡಲೆ. ಕಿತ್ತಳೆ ಜಾತಿಯ ಕಿನ್ನೋ ಹಣ್ಣಿಗಂತೂ ಊರು ಹೆಸರುವಾಸಿ. 2011ರ ಜನಗಣತಿಯಲ್ಲಿ ನಗರದ ಜನ ಎರಡು ಲಕ್ಷ ದಾಟಿದ್ದರು.

ನೀರು ಹಂಚುವ ಪದ್ಧತಿಗೆ 'ವಾರಾಬಂದಿ' ಅಂತ ಹೆಸರು. ತೂಬಿನ ನೀರು ಸರದಿಯ ಮೇಲೆ ಹೊಲದಿಂದ ಹೊಲಕ್ಕೆ ಹೋಗುತ್ತದೆ. ಜಮೀನು ಎಷ್ಟಿದೆಯೋ ಅದಕ್ಕೆ ತಕ್ಕಷ್ಟು ಹೊತ್ತು. ಸರದಿ ರಾತ್ರಿ ಎರಡಕ್ಕೆ ಬಿದ್ದರೆ ಡಿಸೆಂಬರ್ ಚಳಿಯಲ್ಲೂ ರೈತ ಗುದ್ದಲಿ, ಬ್ಯಾಟರಿ ಹಿಡಿದು ಬದುವಿನ ಮೇಲೆ ಕಾಯಬೇಕು. ಗಡಿಯಾರ ನೋಡಿ ಪಕ್ಕದವರ ಮಡೆಗೆ ಮಣ್ಣು ಹಾಕಿ ಮುಚ್ಚುತ್ತಾನೆ, ತನ್ನ ಮಡೆ ಒಡೆಯುತ್ತಾನೆ.