ಬ್ಯಾಕ್ಟೀರಿಯಾದ ಆಕಾರ ಮತ್ತು ಜೋಡಣೆ: ಪಟ್ಟಿ ಬೇಡ, ವಿಭಜನೆ ನೋಡಿ

ಬ್ಯಾಕ್ಟೀರಿಯಾ ಕೋಶಗಳ ಜೋಡಣೆಯ ಹೆಸರುಗಳನ್ನು ಡಿಪ್ಲೊಕಾಕಸ್, ಸ್ಟ್ರೆಪ್ಟೊಕಾಕಸ್, ಟೆಟ್ರಾಡ್, ಸಾರ್ಸಿನಾ ಎಂದು ಉರು ಹೊಡೆದದ್ದು ಪ್ರಶ್ನೆಪತ್ರಿಕೆ ಕೈಗೆ ಬರುತ್ತಿದ್ದಂತೆ ಅದಲುಬದಲಾಗುತ್ತದೆ. ಈ ಪಟ್ಟಿಯ ಬದಲು ಎರಡು ಪ್ರಶ್ನೆ ನೆನಪಿಟ್ಟುಕೊಂಡರೆ ಸಾಕು: ಕೋಶ ಯಾವ ಸಮತಲದಲ್ಲಿ ಎರಡಾಗುತ್ತದೆ? ಎರಡಾದ ಮೇಲೆ ಮರಿಕೋಶಗಳು ಬಿಟ್ಟುಹೋಗುತ್ತವೆಯೋ, ಅಂಟಿಕೊಂಡೇ ಉಳಿಯುತ್ತವೆಯೋ?

ಆಕಾರದ ಭಾಗವನ್ನು ಬೇಗ ಮುಗಿಸೋಣ. ಗುಂಡಗಿದ್ದರೆ ಕಾಕಸ್, ದಂಡಾಕಾರವಾದರೆ ಬ್ಯಾಸಿಲಸ್, ಅಲ್ಪವಿರಾಮದಂತೆ ಬಾಗಿದ್ದರೆ ವಿಬ್ರಿಯೊ (ಕಾಲರಾ ತರುವುದು ಇದೇ), ಗಡುಸಾದ ಸುರುಳಿ ಸ್ಪೈರಿಲಂ, ಬಳುಕುವ ತೆಳು ಸುರುಳಿ ಸ್ಪೈರೊಕೀಟ್. ನಮ್ಮ ಕರಾವಳಿಯಲ್ಲಿ ಮಳೆಗಾಲದಲ್ಲಿ ಕೇಳಿಬರುವ ಇಲಿಜ್ವರದ ಲೆಪ್ಟೊಸ್ಪೈರಾ ಈ ಕೊನೆಯ ಗುಂಪಿನದು. ಅದರ ದಪ್ಪ ಸುಮಾರು 0.1 ಮೈಕ್ರೋಮೀಟರ್ ಮಾತ್ರ. ಹಾಗಾಗಿ ಸಾಮಾನ್ಯ ಬಣ್ಣಗಾರಿಕೆಯಲ್ಲಿ ಕಾಣುವುದಿಲ್ಲ, ಕಪ್ಪು ಹಿನ್ನೆಲೆಯ ಸೂಕ್ಷ್ಮದರ್ಶಕ ಬೇಕು. ಆಕಾರವನ್ನು ಹಿಡಿದಿಡುವುದು ಪೆಪ್ಟಿಡೊಗ್ಲೈಕನ್ ಎಂಬ ಗಟ್ಟಿ ಬಲೆಯಂಥ ವಸ್ತುವಿನ ಕೋಶಭಿತ್ತಿ. ಸಾಂದ್ರ ಸಕ್ಕರೆ ದ್ರಾವಣದಲ್ಲಿಟ್ಟು ಲೈಸೊಜೈಮ್ ಎಂಬ ಕಿಣ್ವದಿಂದ ಭಿತ್ತಿ ಕರಗಿಸಿದರೆ ದಂಡಾಣುವೂ ಗುಂಡಗಾಗುತ್ತದೆ. ಭಿತ್ತಿಯೇ ಇಲ್ಲದ ಮೈಕೊಪ್ಲಾಸ್ಮಾ ಎಂಬ ಬ್ಯಾಕ್ಟೀರಿಯಾಗೆ ಹೀಗೆಯೇ ಎಂಬ ಒಂದು ಆಕಾರವಿಲ್ಲ.

ಈಗ ಕಾಕಸ್. ಗೋಳಕ್ಕೆ ಉದ್ದ ಅಗಲಗಳ ಭೇದವಿಲ್ಲದ್ದರಿಂದ ಯಾವ ದಿಕ್ಕಿನಲ್ಲಿ ಬೇಕಾದರೂ ವಿಭಜಿಸಬಹುದು. ಇಲ್ಲಿನ ವೈವಿಧ್ಯಕ್ಕೆಲ್ಲ ಅದೇ ಕಾರಣ. ಒಂದೇ ಸಮತಲದಲ್ಲಿ ವಿಭಜಿಸಿ ಜೋಡಿಯಾಗಿ ಉಳಿದರೆ ಡಿಪ್ಲೊಕಾಕಸ್. ಅದೇ ಸಮತಲದಲ್ಲಿ ಮತ್ತೆ ಮತ್ತೆ ವಿಭಜಿಸಿಯೂ ಬಿಟ್ಟುಹೋಗದಿದ್ದರೆ ಸರಪಳಿ, ಅಂದರೆ ಸ್ಟ್ರೆಪ್ಟೊಕಾಕಸ್. ಎರಡನೆಯ ವಿಭಜನೆ ಮೊದಲನೆಯದಕ್ಕೆ ಲಂಬವಾಗಿದ್ದರೆ ನಾಲ್ಕರ ಚೌಕ, ಟೆಟ್ರಾಡ್. ಮೂರನೆಯದು ಆ ಎರಡಕ್ಕೂ ಲಂಬವಾದರೆ ಎಂಟರ ಘನ, ಸಾರ್ಸಿನಾ. ದಿಕ್ಕು ಬದಲಾಗುತ್ತ, ಮರಿಕೋಶಗಳು ಅರ್ಧಂಬರ್ಧ ಕಳಚಿಕೊಂಡು ಅಂಟಿದಲ್ಲೇ ಸರಿದಾಡಿದರೆ ದ್ರಾಕ್ಷಿ ಗೊಂಚಲಿನ ರೂಪ. ಸ್ಕಾಟ್ಲೆಂಡಿನ ಶಸ್ತ್ರವೈದ್ಯ ಅಲೆಕ್ಸಾಂಡರ್ ಆಗ್‌ಸ್ಟನ್ ಕೀವಿನಲ್ಲಿ ಇದನ್ನು ಕಂಡು 1882ರಲ್ಲಿ ಸ್ಟ್ಯಾಫಿಲೊಕಾಕಸ್ ಎಂದು ಹೆಸರಿಟ್ಟರು.

ದಂಡಾಣುಗಳಿಗೆ ಈ ಸ್ವಾತಂತ್ರ್ಯವಿಲ್ಲ. ಅವು ಸಾಮಾನ್ಯವಾಗಿ ಅಡ್ಡಡ್ಡಲಾಗಿ ಮಾತ್ರ ವಿಭಜಿಸುತ್ತವೆ; ಆದ್ದರಿಂದ ಒಂಟಿ, ಜೋಡಿ ಅಥವಾ ಸರಪಳಿ, ಅಷ್ಟೇ. ದಂಡಾಣುಗಳ ಸಾರ್ಸಿನಾ ಎಂಬ ಆಯ್ಕೆ ಬಹುಆಯ್ಕೆ ಪ್ರಶ್ನೆಯಲ್ಲಿ ಕಂಡರೆ ಧೈರ್ಯವಾಗಿ ಹೊಡೆದುಹಾಕಿ. ವಿಶೇಷ ಉದಾಹರಣೆ ಡಿಫ್ತೀರಿಯಾದ ಕೊರಿನೆಬ್ಯಾಕ್ಟೀರಿಯಂ: ವಿಭಜನೆಯ ನಂತರ ಹೊರಭಿತ್ತಿ ಒಂದೇ ಪಕ್ಕದಲ್ಲಿ ಹರಿಯುವುದರಿಂದ ಮರಿಕೋಶಗಳು ಇನ್ನೊಂದು ಪಕ್ಕದಲ್ಲಿ ಸಿಕ್ಕಿಕೊಂಡು ಕೋನವಾಗಿ ಮಡಚಿಕೊಳ್ಳುತ್ತವೆ. ಅಂದ ಹಾಗೆ, ನಮ್ಮ ಕರುಳಿನಲ್ಲಿರುವ ಇ. ಕೋಲೈ ಆಕಾರದಲ್ಲಿ ಬ್ಯಾಸಿಲಸ್, ಆದರೆ ಬ್ಯಾಸಿಲಸ್ ಎಂಬ ಕುಲಕ್ಕೆ ಸೇರಿದ್ದಲ್ಲ.

ಕಣ್ಣಾರೆ ನೋಡಲು ಮೊಸರು ಸಾಕು. ಒಂದು ಹನಿ ಮೊಸರನ್ನು ನೀರಿನಲ್ಲಿ ಚೆನ್ನಾಗಿ ತೆಳುವಾಗಿಸಿ ಸ್ಲೈಡಿಗೆ ಬಳಿದು, ಒಣಗಿಸಿ, ಜ್ವಾಲೆಯ ಮೇಲೆ ಹಾಯಿಸಿ, ಮೀಥಿಲೀನ್ ಬ್ಲೂ ಹಾಕಿ ಒಂದು ನಿಮಿಷದ ನಂತರ ತೊಳೆಯಿರಿ. ಎಣ್ಣೆ ಮಸೂರದಲ್ಲಿ, ಸಾವಿರ ಪಟ್ಟು ಹಿಗ್ಗಿದಾಗ, ಗುಂಡುಕೋಶಗಳ ಜೋಡಿ ಮತ್ತು ಸರಪಳಿಗಳು ಕಾಣುತ್ತವೆ, ಹಲವು ಬಾರಿ ನಡುವೆ ದಂಡಾಣುಗಳೂ. ಮಸುಕು ನೀಲಿ ಹೆಪ್ಪುಗಳು ಹಾಲಿನ ಪ್ರೋಟೀನ್; ಅವುಗಳನ್ನು ಗೊಂಚಲು ಎಂದು ಬರೆದುಕೊಳ್ಳಬೇಡಿ. ಲೇಪ ದಪ್ಪವಾದರೆ ಎಲ್ಲವೂ ಗೊಂಚಲಿನಂತೆಯೇ ತೋರುತ್ತದೆ. ಜೋರಾಗಿ ಉಜ್ಜಿದರೆ ಸರಪಳಿಗಳು ತುಂಡಾಗುತ್ತವೆ. ಜೋಡಣೆಯನ್ನು ನಿರ್ಧರಿಸುವಾಗ ಗಟ್ಟಿ ಮಾಧ್ಯಮಕ್ಕಿಂತ ದ್ರವ ಮಾಧ್ಯಮದಲ್ಲಿ ಬೆಳೆದ ಕೋಶಗಳನ್ನು ನಂಬುವುದು ಮೇಲು.

1872ರಲ್ಲಿ ಜರ್ಮನ್ ಜೀವವಿಜ್ಞಾನಿ ಫರ್ಡಿನಾಂಡ್ ಕೋನ್ ಬ್ಯಾಕ್ಟೀರಿಯಾಗಳನ್ನು ಆಕಾರದ ಮೇಲೆಯೇ ನಾಲ್ಕು ಗುಂಪು ಮಾಡಿದ್ದರು. ಆ ಕಾಲಕ್ಕೆ ಬೇರೆ ಆಧಾರವೂ ಹೆಚ್ಚು ಇರಲಿಲ್ಲ. ಆದರೆ ಆಕಾರ ಒಂದೇ ಎಂದಮಾತ್ರಕ್ಕೆ ನಂಟಿದೆ ಎಂದಲ್ಲ. ಸ್ಟ್ಯಾಫಿಲೊಕಾಕಸ್ ಮತ್ತು ಗೊನೋರಿಯಾ ತರುವ ನೈಸೀರಿಯಾ ಎರಡೂ ಕಾಕಸ್. ಆದರೆ ಭಿತ್ತಿಯ ರಚನೆಯ ಭೇದವನ್ನು ಬಣ್ಣದಿಂದ ತೋರಿಸುವ ಗ್ರಾಂ ಪರೀಕ್ಷೆಯಲ್ಲಿ ಮೊದಲನೆಯದು ಗ್ರಾಂ ಪಾಸಿಟಿವ್, ಎರಡನೆಯದು ಗ್ರಾಂ ನೆಗೆಟಿವ್. ವಂಶಾವಳಿಯಲ್ಲಿ ನೈಸೀರಿಯಾ ಹೆಚ್ಚು ಹತ್ತಿರವಿರುವುದು ದಂಡಾಕಾರದ ಇ. ಕೋಲೈಗೆ.